ಮೂರು ಪಾಳಿ, ಮೂವರು ನರ್ಸ್

ಇಬ್ಬರ ಮಾತು ಇದು. ಒಬ್ಬರು ಜಿಲ್ಲಾ ಆರೋಗ್ಯ ಕಚೇರಿಯಲ್ಲಿ ಅಂಕಿಸಂಖ್ಯೆಯ ಕೆಲಸ ಮಾಡಿ ನಿವೃತ್ತರಾದವರು, ಧಾರವಾಡದಲ್ಲಿ ಮನೆ. ಇನ್ನೊಬ್ಬಳು ಅವರ ಅಣ್ಣನ ಮಗಳು, ನವಲಗುಂದ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ಶುಶ್ರೂಷಾಧಿಕಾರಿ, ಅಂದರೆ ನರ್ಸ್. ಅವರು ಆಡಿದ ಮಾತನ್ನು ಅವರ ಭಾಷೆಯಲ್ಲೇ ಇಟ್ಟಿದ್ದೇನೆ.

ಮಗಳು: ಕಾಕಾ, ಇಡೀ ನೌಕರಿ ನೀವು ಆರೋಗ್ಯ ಇಲಾಖೆದ ಲೆಕ್ಕ ಬರದವರು. ಒಂದ ಪ್ರಶ್ನೆ ಕೇಳ್ತೇನಿ. ನಮ್ಮ ಧಾರವಾಡ ಜಿಲ್ಲಾಕ್ಕ ಎಷ್ಟ ಮಂದಿ ನರ್ಸ್ ಬೇಕು?

ಕಾಕಾ: ಯಾವ ಲೆಕ್ಕದಾಗ ಹೇಳ್ಲಿ?

ಮಗಳು: ಬೇಕಾದ ಮಂದಿ ಎಷ್ಟು ಅನ್ನೂದಕ್ಕ ಎರಡು ಲೆಕ್ಕ ಇರ್ತಾವೇನು?

ಕಾಕಾ: ಇರ್ತಾವ. ನಮ್ಮ ಸರಕಾರದ್ದು ಜನಸಂಖ್ಯಾದ ಮ್ಯಾಲೆ ನಡಿಯೂ ಲೆಕ್ಕ. ಬಯಲುಸೀಮ್ಯಾಗ 5,000 ಮಂದಿಗೆ ಒಂದು ಉಪಕೇಂದ್ರ, 30,000 ಮಂದಿಗೆ ಒಂದು ಪಿಎಚ್‌ಸಿ, 1,20,000 ಮಂದಿಗೆ ಒಂದು ಸಮುದಾಯ ಆರೋಗ್ಯ ಕೇಂದ್ರ. ಗುಡ್ಡಗಾಡಿಗೆ ಅದ 3,000, 20,000, 80,000. ಕೇಂದ್ರ ಎಷ್ಟು ಅಂತ ಗೊತ್ತಾದ ಮ್ಯಾಲೆ ಒಂದೊಂದಕ್ಕ ಇಂತಿಷ್ಟು ಹುದ್ದೆ ಅಂತ ಗುಣಿಸೂದು. ಮಂಜೂರಾದದ್ದು, ಭರ್ತಿ ಆದದ್ದು, ಖಾಲಿ ಉಳದದ್ದು. ಈ ಮೂರು ಕಾಲಂ ತಾಲೂಕಿನಿಂದ ಜಿಲ್ಲಾಕ್ಕ, ಜಿಲ್ಲಾದಿಂದ ಬೆಂಗಳೂರಿಗೆ, ಅಲ್ಲಿಂದ ದಿಲ್ಲಿಗೆ ಹೋಗ್ತಾವ.

ಮಗಳು: ಹಂಗಾದ್ರ ನಮ್ಮ ಪಿಎಚ್‌ಸಿ ನೋಡ್ರಿ. 24 ತಾಸು ನಡಿಯೂ ಕೇಂದ್ರ. ನರ್ಸ್ ಹುದ್ದೆ ಮಂಜೂರಾದದ್ದು ಮೂರು, ಭರ್ತಿ ಮೂರು, ಖಾಲಿ ಸೊನ್ನೆ. ನಿಮ್ಮ ಕಾಲಂ ಪ್ರಕಾರ ನಮ್ಮಲ್ಲೆ ಕೊರತಿನ ಇಲ್ಲ. ಮೂರು ಪಾಳಿ, ಮೂವರು ನರ್ಸ್. ಕಾಗದದ ಮ್ಯಾಲೆ ಛಲೋ ಹೊಂದತೈತಿ. ಆದ್ರ ನನಗ ವಾರದ ರಜಾ ಬಂತಂದ್ರ ನನ್ನ ಪಾಳಿ ಉಳದಿಬ್ಬರ ತಲಿ ಮ್ಯಾಲೆ ಬೀಳತೈತಿ. ಒಬ್ಬಾಕಿ ಹೆರಿಗೆ ರಜಾಕ್ಕ ಹೋದ್ರ ಆರು ತಿಂಗಳು ಇಬ್ಬರ ಅಷ್ಟ.

ಕಾಕಾ: ಕೂಡಿಸಿ ನೋಡೋಣು. ವರ್ಷಕ್ಕ 365 ದಿನ, ದಿನಕ್ಕ ಮೂರು ಪಾಳಿ, ಒಟ್ಟು 1,095 ಪಾಳಿ. ಮೂವರಿಗೆ ಹಂಚಿದ್ರ ಒಬ್ಬೊಬ್ಬಾಕಿಗೆ 365. ಅಂದ್ರ ಒಂದ ದಿನಾನೂ ರಜಾ ತಗೊಳ್ಳದ, ಜ್ವರ ಬರದ, ತರಬೇತಿಗೆ ಹೋಗದ, ಮನ್ಯಾಗ ಮದುವಿ-ಮುಂಜವಿ ಇಲ್ಲದ ಮೂವರು ಸಿಕ್ರ ಮಾತ್ರ ಆ ಮಂಜೂರಾತಿ ಸರಿ. ಈಗ ಮನುಷ್ಯಾರ ಲೆಕ್ಕ ಹಿಡಿ. 52 ವಾರ, ವಾರಕ್ಕ ಆರು ದಿನ, 312 ದಿನ ಆತು. ಹಬ್ಬದ ರಜಾ, ಗಳಿಕೆ ರಜಾ, ಸಾಂದರ್ಭಿಕ ರಜಾ, ತರಬೇತಿ ಎಲ್ಲಾ ಕೂಡಿ 52 ದಿನ ಕಳಿ ಅಂತ ಇಟಗೊಳ್ಳೋಣು. 260 ಉಳೀತು. 1,095ಕ್ಕ 260ರಿಂದ ಭಾಗಿಸಿದ್ರ ನಾಲ್ಕರ ಮ್ಯಾಲೆ ಬರ್ತೈತಿ. ಪ್ರತಿ ಪಾಳಿಗೆ ಒಬ್ಬಾಕಿನ ಇದ್ರ ಸಾಕು ಅಂದ್ರೂ ನಾಲ್ವರು ಸಾಲೂದಿಲ್ಲ. ನಿಮ್ಮಲ್ಲೆ ಮೂವರು. ಆದ್ರೂ ಖಾಲಿ ಹುದ್ದೆ ಸೊನ್ನೆ ಅಂತ ವರದಿ ಹೋಗತೈತಿ, ಅದು ಸುಳ್ಳು ವರದಿ ಅಲ್ಲ. ಕೇಳಿದ ಪ್ರಶ್ನೆನ ತಪ್ಪು.

ಮಗಳು: ಪಾಳಿಗೆ ಒಬ್ಬಾಕಿ ಅಂದ್ರ ಏನು ಅಂತ ನಾ ಹೇಳ್ತೇನಿ. ರಾತ್ರಿ ಎರಡಕ್ಕ ಒಬ್ಬಾಕಿ ಬ್ಯಾನಿ ತಿನ್ನಕೋತ ಬಂದ್ಲು. ಮೊದಲನೆ ಹೆರಿಗಿ. ಅರ್ಧಾ ತಾಸಿಗೊಮ್ಮೆ ಕೂಸಿನ ಎದಿ ಬಡಿತ ನೋಡಬೇಕು, ಹೆರಿಗಿ ಎಷ್ಟು ಮುಂದ ಹೋತು ಅಂತ ಪಾರ್ಟೋಗ್ರಾಫ್ ತಕ್ತಾ ತುಂಬಬೇಕು. ನಾಲ್ಕರ ಸುಮಾರಿಗೆ ಕೂಸು ಬಂತು, ಅತ್ತಿತು, ಮಾಸೂ ಬಿತ್ತು, ಆದ್ರ ರಕ್ತ ನಿಲ್ಲವಲ್ದು. ಆಕ್ಸಿಟೋಸಿನ್ ಹಾಕಿ, ಒಂದ ಕೈಲೆ ಹೊಟ್ಟಿ ನೀವಿಕೋತ, ಇನ್ನೊಂದ ಕೈಲೆ 108ಕ್ಕ ಫೋನ್. ಕೂಸಿನ ಒರಸಿ ಬೆಚ್ಚಗ ಹೊಚ್ಚವರು ಯಾರು? ಆಕಿ ಅವ್ವನ ಕೈಯಾಗ ಅರಿವಿ ಕೊಟ್ಟೆ. ಅಂಬುಲೆನ್ಸ್ ಬಂತು, ಹುಬ್ಬಳ್ಳಿ ಕಿಮ್ಸ್ ದೊಡ್ಡ ದವಾಖಾನಿಗೆ ಒಯ್ಯಬೇಕು. ನಾ ಜೋಡಿ ಹೋದ್ರ ಕೇಂದ್ರದಾಗ ನರ್ಸ್ ಇಲ್ಲ. ಹೋಗಲಿಲ್ಲ ಅಂದ್ರ ಹಾದ್ಯಾಗ ಆಕಿಗೆ ಏನರ ಆದ್ರ ಯಾರು ಹೊಣಿ? ಜೋಡಿ ಹೋದೆ. ಆಕಿ ಉಳದ್ಲು, ದೇವರ ದಯಾ. ಆದ್ರ ಆವತ್ತ ಮುಂಜಾನೆ ತನಕ ನಮ್ಮ ದವಾಖಾನಿ ಬಾಗಲಾ ತಗದಿತ್ತು, ಒಳಗ ನೋಡವರು ಯಾರೂ ಇರಲಿಲ್ಲ. ಅದು ಯಾವ ಕಾಲಂನ್ಯಾಗ ಬರ್ತೈತಿ?

ಕಾಕಾ: ಯಾವುದರಾಗೂ ಬರೂದಿಲ್ಲ. ಅದಕ್ಕ ಬ್ಯಾರೆ ಪದ್ಧತಿ ಐತಿ. ವಿಶ್ವ ಆರೋಗ್ಯ ಸಂಸ್ಥೆಯವರು 1990ರ ದಶಕದಾಗ ತಂದು 2010ರಾಗ ತಿದ್ದಿ ಕೊಟ್ರು. ವಿಸ್ನ್ ಅಂತಾರ, ಕೆಲಸದ ಹೊರಿ ಅಳದು ಮಂದಿ ಲೆಕ್ಕ ಹಾಕೂದು. ಉಗಾಂಡ, ನಮೀಬಿಯಾದಂಥ ದೇಶದವರು ಇದನ್ನ ಹಚ್ಚಿ ನೋಡ್ಯಾರ. ಒಬ್ಬ ನರ್ಸಿಗೆ ವರ್ಷಕ್ಕ ಖರೇಗೂ ಸಿಗೂ ತಾಸು ಎಷ್ಟು, ಒಂದು ಹೆರಿಗಿಗೆ ಎಷ್ಟು ತಾಸು, ಒಂದು ಲಸಿಕಿಗೆ ಎಷ್ಟು ನಿಮಿಷ, ಆ ಕೇಂದ್ರದಾಗ ವರ್ಷಕ್ಕ ಎಷ್ಟು ಹೆರಿಗಿ, ಎಷ್ಟು ಲಸಿಕಿ. ಇದಷ್ಟನ್ನೂ ಜೋಡಿಸಿ ಬೇಕಾದ ಮಂದಿ ಎಷ್ಟು ಅಂತ ತಗೀತಾರ. ಇದ್ದ ಮಂದಿಗೆ ಬೇಕಾದ ಮಂದಿಯಿಂದ ಭಾಗಿಸಿದ್ರ ಒಂದು ಬಂತೋ, ಸರಿ ಐತಿ. ಅರ್ಧ ಬಂತೋ, ಇಬ್ಬರ ಕೆಲಸ ಒಬ್ಬಾಕಿ ಎಳ್ಯಾಕತ್ತಾಳ ಅಂತ ತಿಳಕೋ.

ಮಗಳು: ಬರಿಯೂದರ ಲೆಕ್ಕ ಹಿಡೀತಾರೇನು? ಹೆರಿಗಿ ರಜಿಸ್ಟರ್, ಲಸಿಕಿ ರಜಿಸ್ಟರ್, ಔಷಧ ದಾಸ್ತಾನು, ಬಿಪಿ-ಶುಗರ್ ಪೋರ್ಟಲ್, ತಾಯಿ-ಮಗುವಿನ ಆರ್‌ಸಿಎಚ್ ಪೋರ್ಟಲ್. ಪುಸ್ತಕದಾಗ ಬರದದ್ದನ್ನ ಮತ್ತ ಕಂಪ್ಯೂಟರಿಗೆ ಹಾಕಬೇಕು. ನೆಟ್ ಇರೂದಿಲ್ಲ. ಮನಿಗೆ ಬಂದು ಮೊಬೈಲ್‌ನ್ಯಾಗ ಹಾಕ್ತೇವಿ.

ಕಾಕಾ: ಹಿಡೀತಾರ, ಮತ್ತ ಅಲ್ಲೇ ಕಣ್ಣು ತೆರಿಯೂ ಮಾತೈತಿ. ನಿನ್ನ ಸಮಯದಾಗ ಮೂರರಾಗ ಒಂದು ಪಾಲು ದಾಖಲಿ, ಸಭಾ, ವರದಿಗೆ ಹೋಗತೈತಿ ಅಂತ ತಿಳಿ. ರೋಗಿಗೆ ಉಳಿಯೂದು ಎರಡು ಪಾಲು. ಹಂಗಾದ್ರ ಮೊದಲು ನಾಲ್ವರು ಸಾಕಾಗೂ ಕಡೆ ಆರು ಮಂದಿ ಬೇಕು. ಬೆಂಗಳೂರಾಗೋ ದಿಲ್ಲ್ಯಾಗೋ ಒಂದು ಹೊಸ ಪೋರ್ಟಲ್ ಸುರು ಮಾಡಿದವರು ಅದಕ್ಕ ರೊಕ್ಕ ಎಷ್ಟು ಅಂತ ಬರೀತಾರ. ನವಲಗುಂದದ ನರ್ಸಿನ ತಾಸು ಎಷ್ಟು ಹೋತು ಅಂತ ಬರಿಯೂದಿಲ್ಲ. ನನಗ ಇದರಷ್ಟು ಸಿಟ್ಟು ತರಿಸೂದು ಬ್ಯಾರೆ ಇಲ್ಲ.

ಮಗಳು: ಈ ಜನಸಂಖ್ಯಾದ ಅಳತಿ ಹುಟ್ಟಿದ್ದರ ಯಾವಾಗ?

ಕಾಕಾ: ಬ್ರಿಟಿಷರ ಕೊನೇ ದಿನದಾಗ. ಸರ್ ಜೋಸೆಫ್ ಭೋರ್ ಅವರ ಸಮಿತಿ 1943ರಾಗ ಕೂಡ್ತು, 1946ರಾಗ ವರದಿ ಕೊಟ್ಟಿತು. ಆಗ ದೇಶದಾಗ 43,000 ಮಂದಿಗೆ ಒಬ್ಬ ನರ್ಸ್, 6,300 ಮಂದಿಗೆ ಒಬ್ಬ ಡಾಕ್ಟರ್. 1971ರ ಹೊತ್ತಿಗೆ 500 ಮಂದಿಗೆ ಒಬ್ಬ ನರ್ಸ್, 2,000 ಮಂದಿಗೆ ಒಬ್ಬ ಡಾಕ್ಟರ್ ಆಗಬೇಕು ಅಂತ ಗುರಿ ಇಟ್ರು. ಒಬ್ಬ ಡಾಕ್ಟರಿಗೆ ನಾಲ್ವರು ನರ್ಸ್. ತಿಳಿದವರು ಅವರು. ಮೊದಲಿಗೆ 40,000 ಮಂದಿಗೆ ಒಂದು ಪ್ರಾಥಮಿಕ ಕೇಂದ್ರ, ಮುಂದ ಅದನ್ನ 10,000–20,000 ಮಂದಿಗೆ ಒಂದರಂತೆ, 75 ಹಾಸಿಗಿ ಇಟ್ಟು ಬೆಳಸಬೇಕು ಅಂದಿದ್ರು. ನಾವು ಬಂದು ನಿಂತದ್ದು 30,000ಕ್ಕ. ಇಲ್ಲೆ ಹುಬ್ಬಳ್ಳ್ಯಾಗ 1957ರಾಗ ಮೆಡಿಕಲ್ ಕಾಲೇಜು ಸುರುವಾತು, ಮಂದಿ ಕಿಮ್ಸ್ ಅನ್ನೂದು ಅದಕ್ಕನ. ಈಗ ಗದಗ, ಕಾರವಾರ, ಕೊಪ್ಪಳ, ಹಾವೇರಿ, ಎಲ್ಲಾ ಕಡೆ ಸರಕಾರಿ ಮೆಡಿಕಲ್ ಕಾಲೇಜು ಅದಾವ. ಡಾಕ್ಟರ್ ತಯಾರು ಮಾಡೂದಕ್ಕ ಇರೂ ಅವಸರ ನರ್ಸ್ ಉಳಿಸಿಕೊಳ್ಳೂದಕ್ಕ ಇಲ್ಲ.

ಮಗಳು: ಮತ್ತ ಜನಸಂಖ್ಯಾನೂ 2011ರದ್ದಲ್ಲ?

ಕಾಕಾ: ಹೌದು, ಅದ. 2011ರ ಜನಗಣತಿ ಪ್ರಕಾರ ನಮ್ಮ ಜಿಲ್ಲಾ 18.47 ಲಕ್ಷ. ಹುಬ್ಬಳ್ಳಿ-ಧಾರವಾಡ ಮಹಾನಗರ 9.44 ಲಕ್ಷ, ಅಂದ್ರ ಜಿಲ್ಲಾದ ಅರ್ಧಾ ಮಂದಿ ಊರಾಗ. 2021ರಾಗ ಆಗಬೇಕಾದ ಗಣತಿ ಆಗಲಿಲ್ಲ. ಅವಳಿ ನಗರದ ನಡುವಿನ ಹಾದಿ ನೋಡು, ನವನಗರ, ಸತ್ತೂರು, ರಾಯಾಪುರ ಹೆಂಗ ತುಂಬ್ಯಾವ. ಊರ ಬಡವರಿಗೆ ಅಂತ ‘ನಮ್ಮ ಕ್ಲಿನಿಕ್’ ಅನ್ನೂ ಸಣ್ಣ ಸರಕಾರಿ ದವಾಖಾನಿ ಬಂದವು. 2022ರ ಡಿಸೆಂಬರ್‌ನ್ಯಾಗ ರಾಜ್ಯದ ನಮ್ಮ ಕ್ಲಿನಿಕ್‌ಗಳ ಉದ್ಘಾಟನಾ ನಮ್ಮ ಹುಬ್ಬಳ್ಳಿ ಭೈರಿದೇವರಕೊಪ್ಪದಾಗನ ಆತು. ಒಬ್ಬ ಡಾಕ್ಟರ್, ಒಬ್ಬ ನರ್ಸ್, ಒಬ್ಬ ಲ್ಯಾಬ್ ಟೆಕ್ನಿಶಿಯನ್, ಒಬ್ಬ ಡಿ ದರ್ಜೆ ನೌಕರ. ಛಲೋ ಕೆಲಸ. ಆದ್ರ ಆ ಒಬ್ಬಾಕಿ ನರ್ಸ್ ರಜಾ ಹಾಕಿದ ದಿನ ಸೂಜಿ ಯಾರು ಮಾಡ್ತಾರ ಅನ್ನೂ ಪ್ರಶ್ನೆ ಅಲ್ಲೂ ಐತಿ.

ಮಗಳು: ಕಿಮ್ಸ್‌ನ್ಯಾಗ ಓದಿದಾಕಿ ನಾನು. ವಾರ್ಡಿನ್ಯಾಗ ಬಾಗಲಕೋಟಿ, ವಿಜಯಪುರ, ಗದಗ, ಹಾವೇರಿ, ಶಿರಸಿ ಕಡೆ ಮಂದಿ. ಧಾರವಾಡ ಜಿಲ್ಲಾದ ಜನಸಂಖ್ಯಾ ಹಿಡದು ಕಿಮ್ಸ್‌ಗೆ ಎಷ್ಟು ನರ್ಸ್ ಅಂತ ಹೆಂಗ ಹೇಳಾಕ ಬರ್ತೈತಿ?

ಕಾಕಾ: ಬರೂದಿಲ್ಲ. ಅದಕ್ಕ ಕೆಲಸದಿಂದ ಸುರು ಮಾಡಬೇಕು ಅನ್ನೂದು. ನಿಮ್ಮ ನವಲಗುಂದದ್ದೂ ಹಂಗ. ಬಯಲುಸೀಮೆ ಅಂತ 30,000ದ ಅಳತಿ ಹಚ್ಯಾರ. ಮಳಗಾಲದಾಗ ಬೆಣ್ಣಿಹಳ್ಳ ತುಂಬಿ ಎರಿ ಹೊಲಕ್ಕ ಏರಿದ್ರ ಅರ್ಧಾ ಹಳ್ಳಿ ಕಡದು ಹೋಗ್ತಾವ. ಆ ದಿನ ಅದು ಬಯಲುಸೀಮೆ ಅಲ್ಲ.

ಮಗಳು: ಡಾಕ್ಟರ್ ಲೆಕ್ಕ ಮಾತ್ರ ದೇಶದಾಗ ಛಲೋ ಐತಿ ಅಂತ ಓದಿದೆ. 2022ರ ಲೆಕ್ಕದಾಗ 834 ಮಂದಿಗೆ ಒಬ್ಬ.

ಕಾಕಾ: ಆ ಸಂಖ್ಯಾ ಹೆಂಗ ಬಂತು ಗೊತ್ತೈತೇನು? 2022ರ ಜೂನ್‌ನ್ಯಾಗ ವೈದ್ಯಕೀಯ ಪರಿಷತ್ತುಗಳಾಗ ನೋಂದಾಯಿಸಿದವರು 13 ಲಕ್ಷದ ಮ್ಯಾಲೆ. ಅದರಾಗ ನೂರಕ್ಕ 80 ಮಂದಿ ಕೆಲಸದಾಗ ಅದಾರ ಅಂತ ಹಿಡಕೊಂಡ್ರು. ಅದಕ್ಕ 5.65 ಲಕ್ಷ ಆಯುಷ್ ವೈದ್ಯರನ್ನ ಕೂಡಿಸಿದ್ರು. 80 ಅನ್ನೂದು ಯಾರೂ ಮನಿ ಮನಿಗೆ ಹೋಗಿ ಎಣಿಸಿದ್ದಲ್ಲ, ಹಿಡಕೊಂಡದ್ದು. ತೀರಿಕೊಂಡವರ ಹೆಸರು ರಜಿಸ್ಟರಿನಾಗ ಉಳೀತಾವ. ಲಂಡನ್‌ನ್ಯಾಗ ಇದ್ದವರದ್ದೂ ಇರ್ತಾವ. ಮತ್ತ ಇದ್ದವರೂ ಎಲ್ಲಿ ಅದಾರ ಅನ್ನೂದು ಆ ಸಂಖ್ಯಾದಾಗ ಕಾಣೂದಿಲ್ಲ. ಹುಬ್ಬಳ್ಳಿ ವಿದ್ಯಾನಗರದಾಗ ಡಾಕ್ಟರ್‌ಗಳದ್ದ ಒಂದು ಸಾಲು ಬೋರ್ಡ್, ಕುಂದಗೋಳದ ಹಳ್ಳ್ಯಾಗ ಒಂದೂ ಇಲ್ಲ, ಎರಡೂ ಕಡೆ ಸರಾಸರಿ 834.

ಮಗಳು: ಬ್ಯಾರೆ ದೇಶದವರು ಹೆಂಗ ಮಾಡ್ತಾರ?

ಕಾಕಾ: ಅವರೂ ತಪ್ಯಾರ. ಕೆನಡಾದ ಸುದ್ದಿ ಕೇಳು. 1991ರಾಗ ಬ್ಯಾರರ್, ಸ್ಟಾಡರ್ಟ್ ಅನ್ನೂ ಇಬ್ಬರು ಅರ್ಥಶಾಸ್ತ್ರಜ್ಞರು ಅಲ್ಲಿಯ ಸರಕಾರಗಳಿಗೆ ಡಾಕ್ಟರ್‌ಗಳ ಬಗ್ಗೆ ವರದಿ ಕೊಟ್ರು. ಐವತ್ತರ ಆಸುಪಾಸು ಸಲಹಾ ಇದ್ವು: ಪಗಾರ ಕೊಡೂ ರೀತಿ ಬದಲಸ್ರಿ, ಹಳ್ಳಿಗೆ ಹೋಗವರಿಗೆ ಅನುಕೂಲ ಮಾಡ್ರಿ, ಕೆಲಸ ನರ್ಸ್‌ಗಳ ಜೋಡಿ ಹಂಚಕೋರಿ. ಜೋಡಿ ಮೆಡಿಕಲ್ ಸೀಟು ನೂರಕ್ಕ ಹತ್ತು ಇಳಸ್ರಿ ಅಂತಾನೂ ಇತ್ತು. ಸರಕಾರದವರು ಅದೊಂದನ್ನ ಲಗೂನ ಮಾಡಿದ್ರು, ಉಳದದ್ದು ಬಿಟ್ರು. ಹತ್ತು ವರ್ಷ ಕಳಿಯೂದ್ರಾಗ ಡಾಕ್ಟರ್ ಸಿಗವಲ್ರು ಅಂತ ಮಂದಿ ಒದ್ದಾಡಿದ್ರು. ಒಬ್ಬ ಡಾಕ್ಟರ್ ತಯಾರಾಗಾಕ ಹತ್ತು ವರ್ಷ ಬೇಕು. ಇವತ್ತಿನ ತಪ್ಪು ಆವಾಗ ಗೊತ್ತಾಗೂದು. ನಮ್ಮಲ್ಲೂ 2023ರಾಗ ರಾಷ್ಟ್ರೀಯ ವೈದ್ಯಕೀಯ ಆಯೋಗದವರು ರಾಜ್ಯದ ಹತ್ತು ಲಕ್ಷ ಮಂದಿಗೆ 100 ಎಂಬಿಬಿಎಸ್ ಸೀಟಿನ ಮ್ಯಾಲೆ ಕೊಡೂದಿಲ್ಲ ಅಂದ್ರು. ಕರ್ನಾಟಕ ಆಗಲೇ ಅದನ್ನ ದಾಟಿತ್ತು. ದಕ್ಷಿಣದ ರಾಜ್ಯಗಳು ಜಗಳಾ ತಗದ ಮ್ಯಾಲೆ ಮುಂದೂಡಿದ್ರು. ಕರ್ನಾಟಕಕ್ಕ ಸೀಟು ಸಾಕು ಅಂತ ಸರಾಸರಿ ಹೇಳತೈತಿ. ಆದ್ರ ಆ ಸೀಟಿನಾಗ ಓದಿದ ಹುಡುಗ ಕಲಘಟಗಿಗೆ ಬರ್ತಾನೋ ಇಲ್ಲೋ ಅನ್ನೂದನ್ನ ಸರಾಸರಿ ಹೇಳೂದಿಲ್ಲ.

ಮಗಳು: ಕಡ್ಡಾಯ ಗ್ರಾಮೀಣ ಸೇವಾ ಐತಲ್ಲ?

ಕಾಕಾ: 2012ರ ಕಾಯಿದೆ, ಒಂದು ವರ್ಷ. 2023ರಾಗ ತಿದ್ದಿ, ಖಾಲಿ ಹುದ್ದೆ ಇದ್ದಷ್ಟ ಮಂದಿಗೆ ಅಂತ ಮಾಡಿದ್ರು. ನೀ ಕಂಡಿದ್ದು ಹೇಳು.

ಮಗಳು: ಬರ್ತಾರ, ಪಾಪ, ಮನಸಿಟ್ಟು ಕೆಲಸಾನೂ ಮಾಡ್ತಾರ. ಆದ್ರ ಮೇಜಿನ ಮ್ಯಾಲೆ ನೀಟ್-ಪಿಜಿ ಪರೀಕ್ಷಾದ ಪುಸ್ತಕ ಇರ್ತೈತಿ. ಊರ ಮಂದಿ ಗುರ್ತ ಆಗೂದ್ರಾಗ ವರ್ಷ ಮುಗದಿರ್ತೈತಿ. ಮತ್ತ ಹೊಸಬರು. ಬಿಪಿ ರೋಗಿಗಳಿಗೆ ಪ್ರತಿ ಸಲಾ ಮೊದಲಿಂದ ಹೇಳಬೇಕು.

ಕಾಕಾ: ಥಾಯ್ಲೆಂಡಿನವರು 1972ರಾಗನ ಮೂರು ವರ್ಷದ ಸರಕಾರಿ ಸೇವಾ ಕಡ್ಡಾಯ ಮಾಡಿದ್ರು. ಅಷ್ಟಕ್ಕ ನಿಲ್ಲಲಿಲ್ಲ. 1994ರಿಂದ ಹಳ್ಳಿ ಹುಡುಗರನ್ನ ಆರಿಸಿ, ಅವರ ಪ್ರಾಂತದ ದವಾಖಾನ್ಯಾಗನ ಕಲಿಸಿ, ಅವರ ಊರ ಕಡೆನ ಹಾಕೂ ಯೋಜನಾ ಸುರು ಮಾಡಿದ್ರು. ಕಟ್ಟಿ ಹಾಕೂದಕ್ಕಿಂತ ಎಲ್ಲಿಂದ ಬಂದವರನ್ನ ಆರಸ್ತೀರಿ ಅನ್ನೂದು ದೊಡ್ಡದು. ಅಣ್ಣಿಗೇರಿ ಹುಡುಗಿಗೆ ಕಿಮ್ಸ್‌ನ್ಯಾಗ ನರ್ಸಿಂಗ್ ಕಲಿಸಿ ಅಣ್ಣಿಗೇರ್ಯಾಗನ ಮನಿ, ಪಗಾರ, ಬಡ್ತಿ ಕೊಟ್ರ ಆಕಿ ಉಳೀತಾಳ. ಆಕಿಗೆ ಭಾಷೆ ಕಲಿಸಬೇಕಾಗಿಲ್ಲ, ಊರು ತೋರಸಬೇಕಾಗಿಲ್ಲ.

ಮಗಳು: ಉಳದಾರೇನು? ನನ್ನ ಜೋಡಿ ಓದಿದ ಹುಡುಗ್ಯಾರು ಜರ್ಮನ್ ಕ್ಲಾಸಿಗೆ ಹೊಂಟಾರ. ಬಿ-1 ಆತು, ಬಿ-2 ಆತು ಅಂತ ಸ್ಟೇಟಸ್ ಹಾಕ್ತಾರ. ಒಬ್ಬಾಕಿ ಇಂಗ್ಲೆಂಡಿಗೆ ಹೋದ್ಲು. ಇನ್ನೊಬ್ಬಾಕಿ ಮಸ್ಕತ್ತಿಗೆ. ನನಗೂ ಕರೀತಾರ.

ಕಾಕಾ: ನೀ ಹೋಗಬ್ಯಾಡ ಅಂತ ನಾ ಹೇಳೂದಿಲ್ಲ ತಂಗಿ. ಗುತ್ತಿಗಿ ನೌಕರ್ಯಾಗ ವರ್ಷಾ ವರ್ಷಾ ಆದೇಶದ ದಾರಿ ಕಾಯೂ ಹುಡುಗಿಗೆ ದೇಶಸೇವಾದ ಉಪದೇಶ ಮಾಡೂ ಅಧಿಕಾರ ನನಗಿಲ್ಲ. ಆದ್ರ ಒಂದು ನೋಡು. ಜರ್ಮನಿಯವರಿಗೆ ತಮ್ಮ ಮುದುಕರು ಎಷ್ಟು, ಅವರನ್ನ ನೋಡಾಕ ಎಷ್ಟು ನರ್ಸ್ ಬೇಕು ಅಂತ ಗೊತ್ತೈತಿ. ಆ ಲೆಕ್ಕದಾಗ ನಮ್ಮ ಹುಡುಗ್ಯಾರನ್ನೂ ಹಿಡದಾರ. ಕೇರಳದ ನೋರ್ಕಾ ಸಂಸ್ಥೆ 2021ರಾಗ ಜರ್ಮನಿ ಜೋಡಿ ಒಪ್ಪಂದ ಮಾಡಿಕೊಂಡು, ಭಾಷೆ ಕಲಿಸಿ, ದಲ್ಲಾಳಿ ಕೈಗೆ ಸಿಗದಂಗ ಕಳಸ್ತೈತಿ. ಫಿಲಿಪ್ಪೀನ್ಸ್ ನರ್ಸ್‌ಗಳನ್ನ ಕಳಿಸೂದ್ರಾಗನ ಹೆಸರಾದ ದೇಶ. ಅವರೂ 2020ರಾಗ ಕೋವಿಡ್ ವ್ಯಾಳ್ಯಾದಾಗ ವರ್ಷಕ್ಕ 5,000 ನರ್ಸ್ ಮಾತ್ರ ಹೊರಗ ಅಂತ ಮಿತಿ ಹಾಕಿದ್ರು, ಆಮ್ಯಾಲೆ ಏರಿಸಿದ್ರು. ವಿಶ್ವ ಆರೋಗ್ಯ ಸಂಸ್ಥೆ 2010ರಾಗ ಒಂದು ಸಂಹಿತೆ ಮಾಡಿತು, ಮಂದಿ ಇಲ್ಲದ ದೇಶದಿಂದ ಶ್ರೀಮಂತರು ಎಳಕೋಬಾರದು ಅಂತ. 2023ರಾಗ ಅಂಥ 55 ದೇಶದ ಪಟ್ಟಿ ಕೊಟ್ಟಿತು. ಭಾರತ ಅದರಾಗ ಇಲ್ಲ.

ಮಗಳು: ಯಾಕಿಲ್ಲ?

ಕಾಕಾ: ಮತ್ತ ಸರಾಸರಿ. ಇಡೀ ದೇಶದ್ದು ಕೂಡಿಸಿ ನೋಡ್ತಾರ. ಡಾಕ್ಟರ್, ನರ್ಸ್, ಸೂಲಗಿತ್ತಿ ಮೂವರನ್ನೂ ಸೇರಿಸಿ ಅವರು ಎಣಸ್ತಾರ. 2006ರಾಗ 1,000 ಮಂದಿಗೆ 2.28 ಇಲ್ಲದ, ತೀರಾ ಕೊರತಿ ಇರೂ ದೇಶ 57 ಅಂದಿದ್ರು, ಆ 57ರಾಗ ಭಾರತ ಇತ್ತು. 2016ರಾಗ ಆ ಅಳತೀನ 4.45ಕ್ಕ ಏರಿಸಿದ್ರು. ದೇಶ ದೇಶ ಹೋಲಸಾಕ ಇಂಥ ಸಂಖ್ಯಾ ಬೇಕು, ನಾ ಬ್ಯಾಡ ಅನ್ನೂದಿಲ್ಲ. ಆದ್ರ ನಿಮ್ಮ ಕೇಂದ್ರದಾಗ ರಾತ್ರಿ ನಾಲ್ಕಕ್ಕ ಎಷ್ಟು ಮಂದಿ ಇರಬೇಕು ಅಂತ ಅದು ಹೇಳೂದಿಲ್ಲ.

ಮಗಳು: ಕೆಲಸದಿಂದ ಸುರು ಮಾಡೂದು ಅಂತೀರಿ. ನಮ್ಮ ಕಡೆ ಯಾರರ ಹಂಗ ಮಾಡಿ ತೋರ್ಸ್ಯಾರೇನು?

ಕಾಕಾ: ಮಾಡ್ಯಾರ, ಮನೋರೋಗದ ವಿಷಯದಾಗ. ನಮ್ಮ ಧಾರವಾಡದಾಗ 1845ರಷ್ಟ ಹಿಂದ ಮಾನಸಿಕ ಆಸ್ಪತ್ರೆ ಆತು, ಈಗ ಅದ ಡಿಮ್ಹಾನ್ಸ್. ಉತ್ತರ ಕರ್ನಾಟಕದ ಮೂಲಿ ಮೂಲಿಯಿಂದ ಮಂದಿ ಅಲ್ಲಿಗೆ ಬರ್ತಿದ್ರು. ಜಿಲ್ಲಾಕ್ಕೊಬ್ಬ ಮನೋವೈದ್ಯ ಇಲ್ಲದ ಕಾಲ. ಆಗ ಬೆಂಗಳೂರಿನ ನಿಮ್ಹಾನ್ಸ್‌ದವರು 1985ರ ಸುಮಾರಿಗೆ ಬಳ್ಳಾರಿ ಜಿಲ್ಲಾದಾಗ ಬ್ಯಾರೆ ದಾರಿ ಹಿಡದ್ರು. ಮನೋವೈದ್ಯ ಎಷ್ಟು ಬೇಕು ಅಂತ ಕೇಳಲಿಲ್ಲ. ಮೂರ್ಛೆ ರೋಗಿಗೆ, ಚಿತ್ತ ಕೆಟ್ಟವಗ ಏನೇನು ಕೆಲಸ ಆಗಬೇಕು, ಅದರಾಗ ಪಿಎಚ್‌ಸಿ ಡಾಕ್ಟರ್ ಯಾವುದು ಮಾಡಬಹುದು, ಆರೋಗ್ಯ ಸಹಾಯಕಿ ಯಾವುದು ನೋಡಬಹುದು ಅಂತ ಬಿಡಿಸಿ, ಕಲಿಸಿ, ಗುಳಿಗಿ ಅಲ್ಲೇ ಸಿಗೂವಂಗ ಮಾಡಿದ್ರು. ಮುಂದ ಅದ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕ ಮಾದರಿ ಆತು.

ಮಗಳು: ಛಲೋ ಮಾತು. ಆದ್ರ ಕಾಕಾ, ಅದರಾಗ ಒಂದು ಮೋಸಾನೂ ಐತಿ. ಕೆಲಸ ಕೆಳಗ ಕೆಳಗ ಇಳದು ಕಡೀಕ ಬಂದು ನಿಲ್ಲೂದು ಹಳ್ಳಿಯ ಆಶಾ ಕಾರ್ಯಕರ್ತೆ ಮ್ಯಾಲೆ. ಬಾಣಂತಿ ನೋಡು, ಟಿಬಿ ಗುಳಿಗಿ ನುಂಗಿಸು, ಮನಿ ಮನಿ ಸರ್ವೆ ಮಾಡು, ಬಿಪಿ ಇದ್ದವರನ್ನ ಕರಕೊಂಡು ಬಾ. ಪ್ರತಿ ಹೊಸ ಯೋಜನಾದಾಗೂ ಆಶಾ ಅದಾರಲ್ಲ ಅಂತ ಬರೀತಾರ. ಆಕಿ ದಿನಕ್ಕ ಎಷ್ಟು ತಾಸು ಅಂತ ಯಾರು ಅಳದಾರ?

ಕಾಕಾ: ಖರೇ. 2005ರಾಗ ಬಂದ ಯೋಜನಾ, 1,000 ಮಂದಿಗೆ ಒಬ್ಬ ಆಶಾ. ಸ್ವಯಂಸೇವಕಿ ಅಂತ ಬರದು ಕೂಡ್ರಿಸಿದ್ರು. ರಾಜ್ಯದಾಗ ಸುಮಾರು 42,000 ಮಂದಿ ಅದಾರ. 2022ರಾಗ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. 2025ರ ಜನವರ್ಯಾಗ ಅದ ಹೆಣ್ಣಮಕ್ಕಳು ಬೆಂಗಳೂರಿನ ಫ್ರೀಡಂ ಪಾರ್ಕಿನಾಗ ಥಂಡ್ಯಾಗ ಕೂತು ತಿಂಗಳಿಗೆ ಇಂತಿಷ್ಟು ರೊಕ್ಕ ಖಾತ್ರಿ ಮಾಡ್ರಿ ಅಂತ ಕೇಳಬೇಕಾತು. ನನ್ನ ಮೂರು ಕಾಲಂನ್ಯಾಗ ಅವರು ಎಂದೂ ಇರಲಿಲ್ಲ, ಹುದ್ದೆನ ಅಲ್ಲಲ್ಲ.

ಮಗಳು: ಹುದ್ದೆ ಅಂತ ಬರದ್ರ ಪಗಾರ, ರಜಾ, ಪಿಂಚಣಿ ಎಲ್ಲಾ ಕೊಡಬೇಕಾಗ್ತೈತಿ. ಅದಕ್ಕ ಎಣಿಸೂದಿಲ್ಲ.

ಕಾಕಾ: ಅದಕ್ಕ. ಎಷ್ಟ ಮಂದಿ ಬೇಕು ಅನ್ನೂದನ್ನ ಆರೋಗ್ಯ ಇಲಾಖೆ ಕೇಳತೈತಿ, ಎಷ್ಟ ಮಂದಿಗೆ ಕೊಡಾಕಾಗ್ತೈತಿ ಅನ್ನೂದನ್ನ ಆರ್ಥಿಕ ಇಲಾಖೆ ಹೇಳತೈತಿ. ಕಡೀಕ ಎರಡನೇದನ್ನ ಮೊದಲನೇದರ ಉತ್ತರ ಅಂತ ಬರೀತಾರ. ರೊಕ್ಕ ಇಲ್ಲ ಅಂದ್ರ ಇಲ್ಲ ಅಂತ ಹೇಳ್ಲಿ. ಆದ್ರ ಬೇಕಾದದ್ದು ಐದು, ಕೊಟ್ಟದ್ದು ಮೂರು ಅಂತ ಬರದು ಹೇಳ್ಲಿ. ಬೇಕಾದದ್ದ ಮೂರು ಅನ್ನಬಾರದು. ಹಂಗ ಬರದ್ರ ಮುಂದಿನ ವರ್ಷ ಕೇಳಾಕ ಒಂದು ಆಧಾರ ಉಳೀತೈತಿ.

ಮಗಳು: ಆ ಐದು ಅಂತ ಬರಿಯವರು ಯಾರು? ಮ್ಯಾಲಿನವರು ಬರಿಯೂದಿಲ್ಲ.

ಕಾಕಾ: ನೀ ಬರಿ. ಒಂದು ತಿಂಗಳದ್ದು ಸಾಕು. ಯಾವ ಪಾಳಿ, ಎಷ್ಟು ಹೆರಿಗಿ, ಎಷ್ಟು ತಾಸು, ಎಷ್ಟು ಮಂದೀನ ಹುಬ್ಬಳ್ಳಿಗೆ ಕಳಿಸಿದ್ರಿ, ಯಾವ ರಾತ್ರಿ ಕೇಂದ್ರದಾಗ ನರ್ಸ್ ಇರಲಿಲ್ಲ. ನಿಮ್ಮ ಕೇಂದ್ರದ ಆರೋಗ್ಯ ರಕ್ಷಾ ಸಮಿತಿ ಸಭಾದಾಗ ಇಡು, ನಡಾವಳ್ಯಾಗ ಏರಸು. ನಡಾವಳ್ಯಾಗ ಏರಿದ್ದು ತಾಲೂಕಿಗೆ ಹೋಗಲೇಬೇಕು.

ಮಗಳು: ಈಗಿರೂ ರಜಿಸ್ಟರಿಗೇ ಕೈ ಸಾಲವಲ್ದು ಕಾಕಾ, ಇದೊಂದು ಎಲ್ಲಿ ಬರೀಲಿ?

ಕಾಕಾ: ಬರಿಯೂ ಕೆಲಸ ನಂದು. ರಾತ್ರಿ ಪಾಳಿ ಮುಗದ ಮ್ಯಾಲೆ ಫೋನ್ ಹಚ್ಚಿ ಹೇಳು, ನಾ ಬರಕೋತೇನಿ. ಕೋಷ್ಟಕ ಹಾಕೂದು ನನಗ ಬರ್ತೈತಿ.

ಮಗಳು: ನಮ್ಮ ಮೂವರದ್ದ ಆದ್ರ ಆಗೂದಿಲ್ಲ. ಉಪಕೇಂದ್ರದ ಎಎನ್ಎಂ ಅಕ್ಕಾರದ್ದೂ, ಆಶಾಗಳದ್ದೂ ಬೇಕು.

ಕಾಕಾ: ಹಂಗಾದ್ರ ಮೊದಲು ಆಶಾಗಳದ್ದ ತಗೋಳೋಣು. ಅವರ ತಾಸು ಎಲ್ಲೂ ಬರದಿಲ್ಲ. ಬರೂ ಆಯಿತವಾರ ಅವರಾಗ ಇಬ್ಬರನ್ನ ಮನಿಗೆ ಕರಕೊಂಡು ಬಾ, ಮುಂಜಾನೆ ಎದ್ದಾಗಿಂದ ಏನೇನು ಮಾಡ್ತಾರ ಅಂತ ಅವರ ಬಾಯಿಂದನ ಕೇಳಿ ಬರಿಯೋಣು.